ಬೊಕೇತೆಯ ಕಂಡಿ

ಪನಾಮಾ ಎಂದೊಡನೆ ಎಲ್ಲರ ಕಣ್ಣ ಮುಂದೆ ಬಂದು ನಿಲ್ಲುವುದು ಕಾಲುವೆ. ಎರಡು ಮಹಾಸಾಗರಗಳನ್ನು ಒಂದುಗೂಡಿಸಿದ ಈ ಜಲಮಾರ್ಗವು 1914ರ ಆಗಸ್ಟ್ 15ರಂದು ಹಡಗುಗಳಿಗೆ ತೆರೆಯಿತು. 1999ರ ಡಿಸೆಂಬರ್ 31ರಂದು ಅಮೆರಿಕದ ಸಂಯುಕ್ತ ಸಂಸ್ಥಾನವು ಅದನ್ನು ಸಂಪೂರ್ಣವಾಗಿ ಪನಾಮಾ ದೇಶದ ವಶಕ್ಕೆ ಒಪ್ಪಿಸಿತು. ಪ್ರವಾಸಿಗಳಲ್ಲಿ ಹೆಚ್ಚಿನವರು ಕಾಲುವೆಯ ದಡದಲ್ಲಿ ನಿಂತು, ದೈತ್ಯಾಕಾರದ ನೌಕೆಗಳು ನೀರಿನ ಮೆಟ್ಟಿಲುಗಳನ್ನು ಹತ್ತಿ ಇಳಿಯುವ ಸೋಜಿಗವನ್ನು ಕಂಡು, ಒಂದೆರಡು ಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗುತ್ತಾರೆ. ಆದರೆ ಹಿಂದಿರುಗುವ ಟಿಕೆಟಿನ ಗೊಡವೆಯೇ ಬೇಡವೆಂದು ಬರುವ ಮತ್ತೊಂದು ವರ್ಗದ ಪ್ರಯಾಣಿಕರೂ ಉಂಟು. ಅವರ ತಲೆ ನರೆತಿದೆ; ಕೈಯಲ್ಲಿ ನಿವೃತ್ತಿ ವೇತನದ ಪತ್ರವಿದೆ. ಅವರು ಕಾಲುವೆಗೆ ಬೆನ್ನು ಮಾಡಿ ಪಶ್ಚಿಮದ ಬೆಟ್ಟಗಳ ದಾರಿ ಹಿಡಿಯುತ್ತಾರೆ.

ಆ ದಾರಿಯ ಕೊನೆಯಲ್ಲಿರುವ ಊರೇ ಬೊಕೇತೆ.

ಮಂಜು, ಹೂವು, ಕಾಫಿ

ರಾಜಧಾನಿಯಿಂದ 400 ಕಿಲೋಮೀಟರಿಗೂ ಮಿಗಿಲಾದ ಹೆದ್ದಾರಿಯನ್ನು ಕಳೆದರೆ ಚಿರಿಕೀ ಪ್ರಾಂತದ ಮುಖ್ಯ ಪಟ್ಟಣವಾದ ದಾವೀದ್ ಸಿಗುತ್ತದೆ. ಅಲ್ಲಿ ಸೆಕೆ ವಿಪರೀತ; ನಡುಹಗಲಲ್ಲಿ ಬೀದಿಗಿಳಿದವನ ಅಂಗಿ ಮೈಗಂಟಿಕೊಳ್ಳುತ್ತದೆ. ಅಲ್ಲಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರು ಏರುತ್ತ ಹೋದಂತೆ ಗಾಳಿ ತಣ್ಣಗಾಗುತ್ತದೆ, ಹಸುರು ದಟ್ಟವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 4,000 ಅಡಿಗಳ ಎತ್ತರದಲ್ಲಿ, ಕಾಲ್ದೇರಾ ನದಿಯ ಇಕ್ಕೆಲಗಳಲ್ಲಿ ಹರಡಿಕೊಂಡಿದೆ ಬೊಕೇತೆ. ಊರಿನ ಪಶ್ಚಿಮಕ್ಕೆ, ಕಾವಲಿಗೆ ಕುಳಿತ ಹಿರಿಯನಂತೆ ಬಾರೂ ಜ್ವಾಲಾಮುಖಿಯು ತಲೆ ಎತ್ತಿ ನಿಂತಿದೆ. ಸುಮಾರು 11,400 ಅಡಿ ಎತ್ತರದ ಈ ಶಿಖರವೇ ಪನಾಮಾದ ಅತ್ಯುನ್ನತ ಸ್ಥಾನ. ಆಕಾಶ ನಿರ್ಮಲವಾಗಿರುವ ಮುಂಜಾನೆ ಅದರ ನೆತ್ತಿಯ ಮೇಲೆ ನಿಂತವರಿಗೆ ಒಂದು ಕಡೆ ಶಾಂತ ಸಾಗರವೂ ಇನ್ನೊಂದು ಕಡೆ ಕೆರಿಬಿಯನ್ ಸಮುದ್ರವೂ ಏಕಕಾಲಕ್ಕೆ ಕಾಣಿಸುತ್ತವೆ.

ಸ್ಪೇನಿನ ಭಾಷೆಯಲ್ಲಿ ‘ಬೊಕೇತೆ’ ಎಂದರೆ ಕಂಡಿ, ಎಡೆ, ತೆರಪು ಎಂದರ್ಥ. ಬೆಟ್ಟಸಾಲಿನ ನಡುವಣ ತೆರಪೇ ಊರಿಗೆ ಹೆಸರಾಯಿತು. ಆ ತೆರಪಿನ ಆಚೆಯಿಂದ ಗಾಳಿಯು ಮೋಡಗಳನ್ನು ಹೊತ್ತು ತಂದು ಊರ ಮೇಲೆ ತುಂತುರನ್ನು ಚೆಲ್ಲುತ್ತದೆ. ಮಳೆಯೆನ್ನಲು ಹನಿ ಸಾಲದು, ಮಂಜೆನ್ನಲು ತೇವ ಹೆಚ್ಚು. ಕೊಡೆ ಬಿಚ್ಚಿದರೆ ನಗೆಪಾಟಲು, ಬಿಚ್ಚದಿದ್ದರೆ ನೆಗಡಿ. ಊರವರು ಅದನ್ನು ‘ಬಹಾರೆಕೆ’ ಎಂದು ಕರೆಯುತ್ತಾರೆ. ಬಿಸಿಲಿರುವಾಗಲೇ ಅದು ಬೀಳುವುದರಿಂದ ಕಾಮನಬಿಲ್ಲು ಇಲ್ಲಿ ದಿನನಿತ್ಯದ ಅತಿಥಿ.

ಬೆಟ್ಟದ ಇಳಿಜಾರುಗಳಲ್ಲೆಲ್ಲ ಕಾಫಿಯ ತೋಟಗಳು. ಚಿಕ್ಕಮಗಳೂರಿನವರಿಗೆ ನೆರಳುಮರಗಳ ಕೆಳಗಣ ಈ ಗಿಡಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಥಿಯೋಪಿಯಾದಿಂದ ಹೊರಟು, ಕೋಸ್ತಾ ರೀಕಾ ದೇಶದ ಮೂಲಕ ಇಲ್ಲಿಗೆ ಬಂದ ‘ಗೇಷಾ’ ಎಂಬ ತಳಿಯು ಬಹುಕಾಲ ಯಾರ ಗಮನಕ್ಕೂ ಬಾರದೆ ತೋಟಗಳ ಮೂಲೆಯಲ್ಲಿತ್ತು. 2004ರ ಪನಾಮಾ ಕಾಫಿ ಸ್ಪರ್ಧೆಯಲ್ಲಿ ಬೊಕೇತೆಯ ತೋಟವೊಂದು ಅದನ್ನು ಮುಂದಿಟ್ಟು ಗೆದ್ದ ಮೇಲೆ ಜಗತ್ತಿನ ಬೆಲೆಬಾಳುವ ಕಾಫಿಗಳಲ್ಲಿ ಒಂದಾಯಿತು. ಹಣ್ಣು ಬಿಡಿಸುವವರು ಬಹುಮಟ್ಟಿಗೆ ನ್ಗಾಬೆ ಎಂಬ ಮೂಲನಿವಾಸಿಗಳು. ಕಾಲ್ಬೆರಳವರೆಗೆ ಇಳಿಬಿದ್ದ ಬಣ್ಣಬಣ್ಣದ ನಿಲುವಂಗಿಗಳನ್ನು ತೊಟ್ಟ ಆ ಹೆಂಗಸರು ಕುಕ್ಕೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಗಿಡಗಳ ನಡುವೆ ಸರಿಯುವಾಗ ತೋಟವೇ ಹೂ ಬಿಟ್ಟಂತೆ ತೋರುತ್ತದೆ.

ಮುಪ್ಪಿಗೆ ಮನ್ನಣೆ

ಇಂತಹ ಊರಿನ ಅಂಗಡಿಬೀದಿಯಲ್ಲಿ ಬೆಳಗಿನ ಹೊತ್ತು ಕೈಕೋಲು ಹಿಡಿದು ತರಕಾರಿ ಆರಿಸುವ ಬಿಳಿಯ ಮುದುಕ ಮುದುಕಿಯರನ್ನು ಕಂಡರೆ ಹೊಸಬರು ಬೆರಗಾಗಬೇಕಾಗಿಲ್ಲ. ಅಮೆರಿಕ, ಕೆನಡಾ, ಯೂರೋಪುಗಳಿಂದ ಬಂದು ನೆಲೆಸಿದವರ ಒಂದು ದೊಡ್ಡ ಬಳಗವೇ ಇಲ್ಲಿದೆ. ಅವರನ್ನು ಕರೆತಂದುದು ತಂಪು ಹವೆಯೊಂದೇ ಅಲ್ಲ, 1987ರಲ್ಲಿ ಪನಾಮಾ ಮಾಡಿದ ಕಾಯಿದೆಗಳು. ಜೀವಮಾನವಿಡೀ ಬರುವ ನಿವೃತ್ತಿ ವೇತನ ತಿಂಗಳಿಗೆ 1,000 ಡಾಲರಿನಷ್ಟಿದ್ದರೆ ಅಂಥವರಿಗೆ ಈ ದೇಶ ‘ಪೆನ್ಸಿಯೊನಾದೊ’ ಎಂಬ ನಿವಾಸದ ಹಕ್ಕನ್ನು ಕೊಡುತ್ತದೆ. ಹೆಂಡತಿಯೋ ಗಂಡನೋ ಅವಲಂಬಿಯಾಗಿ ಜೊತೆಗಿದ್ದರೆ ಇನ್ನು 250 ಡಾಲರು ಸೇರಿಸಿ ತೋರಿಸಬೇಕು. ನಾಣ್ಯ ಬದಲಾಯಿಸುವ ತೊಂದರೆಯೂ ಇಲ್ಲ. ಪನಾಮಾದ ‘ಬಾಲ್ಬೋವಾ’ 1904ರಿಂದಲೂ ಡಾಲರಿಗೆ ಸಮನಾಗಿ ನಡೆದುಬಂದಿದೆ, ಕೈಯಿಂದ ಕೈಗೆ ಹೋಗುವ ನೋಟುಗಳೆಲ್ಲ ಅಮೆರಿಕದವೇ.

ವಯಸ್ಸಾದವರಿಗೆ ಅಲ್ಲಿ ದೊರೆಯುವ ರಿಯಾಯಿತಿಗಳ ಪಟ್ಟಿಯನ್ನು ಓದಿದರೆ ಬಾಯಲ್ಲಿ ನೀರೂರುತ್ತದೆ. ವಿಮಾನದ ಟಿಕೆಟಿನಲ್ಲಿ ನೂರಕ್ಕೆ 25, ಬಸ್ಸು ದೋಣಿಗಳಲ್ಲಿ 30, ಸಿನೆಮಾ ನಾಟಕಗಳಲ್ಲಿ 50, ಹೋಟೆಲಿನ ಊಟದಲ್ಲಿ 25, ವೈದ್ಯರ ಶುಲ್ಕದಲ್ಲಿ 20, ಔಷಧಿಯಲ್ಲಿ 10. ವಿದ್ಯುತ್ತಿನ ಬಿಲ್ಲಿನಲ್ಲಿಯೂ, ನಿಗದಿಯಾದ ಬಳಕೆಯವರೆಗೆ, ಕಾಲುಭಾಗ ಕಡಿತ. ಈ ಸೌಲಭ್ಯ ಹೊರಗಿನವರಿಗಷ್ಟೇ ಮೀಸಲಲ್ಲ. 55 ತುಂಬಿದ ಪನಾಮಾದ ಹೆಂಗಸರಿಗೂ 60 ತುಂಬಿದ ಗಂಡಸರಿಗೂ ಇದೇ ಮರ್ಯಾದೆ. ಅಂಗಡಿಯಲ್ಲಿ ಹಣ ಕೊಡುವಾಗ ‘ನನಗೆ ವಯಸ್ಸಾಗಿದೆ’ ಎಂದು ಹೇಳಿಕೊಳ್ಳುವುದಕ್ಕೆ ಹಿರಿಯರು ನಾಚದ ಊರು ಇದು.

ಆದರೆ ಈ ಉಪಚಾರಕ್ಕೆಲ್ಲ ಮುನ್ನ ಒಂದು ಹೊಸ್ತಿಲನ್ನು ದಾಟಬೇಕು. ಅರ್ಜಿಯೊಡನೆ ವೇತನದ ಪತ್ರ, ಆರೋಗ್ಯದ ಪತ್ರ, ಪಾಸ್‌ಪೋರ್ಟಿನ ಪ್ರತಿ, ಪನಾಮಾದ ವಕೀಲರೊಬ್ಬರಿಗೆ ಬರೆದುಕೊಟ್ಟ ಅಧಿಕಾರಪತ್ರ ಎಲ್ಲವೂ ಇದ್ದರೂ, ಸ್ವದೇಶದ ಪೊಲೀಸರು ಕೊಟ್ಟ ಮತ್ತೊಂದು ಹಾಳೆ ಇಲ್ಲದಿದ್ದರೆ ಕಡತ ಮುಂದಕ್ಕೆ ಚಲಿಸದು. ಸ್ಪೇನಿನ ನುಡಿಯಲ್ಲಿ ಅದರ ಹೆಸರಿನ ಮೊದಲ ಮಾತೇ ‘ಆಂತೆಸೆದೆಂತೆಸ್’, ಅಂದರೆ ಹಿಂದೆ ನಡೆದದ್ದು. ಮುಂದೆ ಎಷ್ಟು ವರ್ಷ ಬದುಕುವನೋ ತಿಳಿಯದ ಮುದುಕನನ್ನು ಆ ಹಾಳೆ ಕೇಳುವುದು ಹಿಂದಿನ ಮಾತನ್ನು.

ಬೆರಳಿನ ಸಾಕ್ಷಿ

ಅಮೆರಿಕದ ಪ್ರಜೆಯಾದರೆ ಈ ಹಾಳೆಯನ್ನು ಎಫ್.ಬಿ.ಐ. ಸಂಸ್ಥೆಯಿಂದಲೇ ತರಬೇಕು. ಹತ್ತು ಬೆರಳುಗಳ ಗುರುತನ್ನೂ 18 ಡಾಲರು ಶುಲ್ಕವನ್ನೂ ಕಳುಹಿಸಿದರೆ, ಆ ಗುರುತುಗಳಿಗೆ ಹೊಂದುವ ಬಂಧನ, ಮೊಕದ್ದಮೆ, ಶಿಕ್ಷೆಗಳ ವಿವರ ಬರುತ್ತದೆ. ಏನೂ ಇಲ್ಲದಿದ್ದರೆ ಏನೂ ಇಲ್ಲವೆಂಬ ಪತ್ರ ಬರುತ್ತದೆ. ಬಳಿಕ ಅದಕ್ಕೆ ವಾಷಿಂಗ್ಟನ್ನಿನ ವಿದೇಶಾಂಗ ಖಾತೆಯಲ್ಲಿ ‘ಅಪೊಸ್ಟಿಲ್’ ಎಂಬ ದೃಢೀಕರಣದ ಮುದ್ರೆ ಬೀಳಬೇಕು. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ನಂಬುವಂತೆ ಮಾಡಲು 1961ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದದ ಫಲ ಈ ಮುದ್ರೆ. ಕೊನೆಗೆ ಪನಾಮಾದ ಅಧಿಕೃತ ಭಾಷಾಂತರಕಾರರು ಅದನ್ನು ಸ್ಪ್ಯಾನಿಷ್ ಭಾಷೆಗೆ ತಿರುಗಿಸಬೇಕು.

ಬೆರಳಗುರುತಿನ ಈ ಪದ್ಧತಿಯ ಬೇರು ಹುಡುಕುತ್ತ ಹೋದರೆ ಅದು ಅಮೆರಿಕಕ್ಕಲ್ಲ, ಬಂಗಾಳಕ್ಕೆ ಮುಟ್ಟುತ್ತದೆ. 1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು ಜಂಗೀಪುರದಲ್ಲಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಒಪ್ಪಂದಪತ್ರದ ಮೇಲೆ ರುಜುವಿನೊಡನೆ ಅಂಗೈಯ ಮುದ್ರೆಯನ್ನೂ ಹಾಕಿಸಿಕೊಂಡನು. ಆ ಪ್ರಯೋಗವನ್ನು ಬಿಡದೆ ಬೆಳೆಸಿ, 1877ರಲ್ಲಿ ಹೂಗ್ಲಿಯಲ್ಲಿ ಮ್ಯಾಜಿಸ್ಟ್ರೇಟನಾಗಿದ್ದಾಗ ಅದನ್ನು ಕಚೇರಿಯ ಕ್ರಮವನ್ನಾಗಿ ಮಾಡಿದನು. ಯಾರ ಬೆರಳುಗಳನ್ನು ಒತ್ತಿಸಿಕೊಂಡನು? ಪತ್ರ ನೋಂದಾಯಿಸಲು ಬಂದವರದನ್ನು, ಸೆರೆಮನೆಯ ಕೈದಿಗಳದನ್ನು ಮತ್ತು ಸರ್ಕಾರದ ಪಿಂಚಣಿದಾರರದನ್ನು. ಸತ್ತ ಪಿಂಚಣಿದಾರನ ಹೆಸರಿನಲ್ಲಿ ಬದುಕಿದ್ದವರು ಹಣ ಎತ್ತುವುದನ್ನು ತಡೆಯುವುದು ಅವನ ಉದ್ದೇಶಗಳಲ್ಲಿ ಒಂದು. ಮುಂದೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಗುರುತಿನ ಕಚೇರಿ ಸ್ಥಾಪನೆಯಾಯಿತು. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ಶ್ರಮಿಸಿ ರೂಪಿಸಿದ ವರ್ಗೀಕರಣವು ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರನ್ನು ಹೊತ್ತು ಲೋಕವನ್ನು ಸುತ್ತಿತು. ಮುಂದೆ ಎಫ್.ಬಿ.ಐ. ಎಂದು ಹೆಸರಾದ ಸಂಸ್ಥೆಯು 1924ರಲ್ಲಿ 8 ಲಕ್ಷಕ್ಕೂ ಮಿಕ್ಕ ಗುರುತುಚೀಟಿಗಳೊಡನೆ ತನ್ನ ಭಂಡಾರವನ್ನು ತೆರೆದಾಗ ಅನುಸರಿಸಿದ್ದು ಈ ಕ್ರಮವನ್ನೇ.

ಹೂಗ್ಲಿಯ ಕಚೇರಿಯಲ್ಲಿ ಕೈದಿಯೂ ಪಿಂಚಣಿದಾರನೂ ಬೇರೆ ಬೇರೆ ಸಾಲುಗಳಲ್ಲಿ ನಿಂತಿದ್ದರು. ಬೊಕೇತೆಯ ಹೊಸ್ತಿಲಿನಲ್ಲಿ ಒಮ್ಮೊಮ್ಮೆ ಆ ಇಬ್ಬರೂ ಒಬ್ಬನೇ ಮನುಷ್ಯನಾಗಿರುತ್ತಾರೆ.

ಒಂದು ಸಾಲು

ಅಂಥ ಒಬ್ಬ ಅರ್ಜಿದಾರನನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಕ್ಯಾಲಿಫೋರ್ನಿಯಾದ ಒಂದು ಮುದ್ರಣಾಲಯದಲ್ಲಿ ನಾಲ್ವತ್ತು ವರ್ಷ ದುಡಿದು ನಿವೃತ್ತನಾದವನು. ವಯಸ್ಸು ಎಪ್ಪತ್ತನ್ನು ದಾಟಿದೆ. ಮಗ ಬೇರೆ ಊರಿನಲ್ಲಿ ಸಂಸಾರ ಹೂಡಿದ್ದಾನೆ. ಗಂಡಹೆಂಡಿರಿಬ್ಬರ ವೇತನದಲ್ಲಿ ಮನೆಯ ಖರ್ಚು, ಔಷಧಿಯ ಖರ್ಚು ಎರಡೂ ತೂಗುವುದು ಕಷ್ಟವಾಗಿದೆ. ರಜೆಗೆಂದು ಒಮ್ಮೆ ಬೊಕೇತೆಗೆ ಬಂದ ಹೆಂಡತಿಗೆ ಹಿತ್ತಲಿನಲ್ಲಿ ಹೂ ಬೆಳೆಯುವ ಆಸೆ ಮೂಡಿತು. ಇಲ್ಲಿಯೇ ಉಳಿಯೋಣವೆಂದು ಇಬ್ಬರೂ ನಿಶ್ಚಯಿಸಿದರು. ಇಬ್ಬರೂ ಬೆರಳೊತ್ತಿ ಕಳುಹಿಸಿದರು. ಹೆಂಡತಿಗೆ ಬಂದ ಹಾಳೆಯಲ್ಲಿ ಏನೂ ಇರಲಿಲ್ಲ. ಗಂಡನ ಹಾಳೆಯಲ್ಲಿ ಒಂದು ಸಾಲು ಇತ್ತು.

1971ರ ಒಂದು ರಾತ್ರಿ. ಅವನಿಗೆ ಆಗ ಇಪ್ಪತ್ತು ವರ್ಷ. ಗೆಳೆಯರ ಕಾರನ್ನು ಪೊಲೀಸರು ತಡೆದರು; ಅವನ ಜೇಬಿನಲ್ಲಿ ಗಾಂಜಾದ ಸಣ್ಣ ಪೊಟ್ಟಣವಿತ್ತು. ಒಂದು ರಾತ್ರಿ ಲಾಕಪ್ಪು, ನ್ಯಾಯಾಧೀಶನ ಬುದ್ಧಿವಾದ, ಕೆಲವು ತಿಂಗಳು ಸನ್ನಡತೆಯ ನಿಗಾ. ಅಲ್ಲಿಗೆ ಮುಗಿಯಿತು. ಮರುವರ್ಷ ಕೆಲಸ ಸಿಕ್ಕಿತು, ಆಮೇಲೆ ಮದುವೆ, ಮಗ, ಮನೆಯ ಸಾಲದ ಕಂತು. ಆ ರಾತ್ರಿಯನ್ನು ಅವನು ಯಾರಿಗೂ ಹೇಳಲಿಲ್ಲ. ಕಡೆಗೆ ತಾನೂ ಮರೆತನು.

ಅವನು ಮರೆತರೂ ಕಾಗದ ಮರೆಯಲಿಲ್ಲ. ತಮಾಷೆಯೆಂದರೆ ಈ ನಡುವೆ ಕಾಯಿದೆಯೇ ಬದಲಾಗಿತ್ತು. 1971ರ ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಇಟ್ಟುಕೊಳ್ಳುವುದನ್ನು ಘೋರಾಪರಾಧವೆಂದು ವಿಚಾರಿಸಬಹುದಾಗಿತ್ತು. 1976ರ ಜನವರಿಯಿಂದ ಸಣ್ಣ ಪ್ರಮಾಣಕ್ಕೆ ಅದು ಲಘು ತಪ್ಪಾಯಿತು. 2016ರ ನವೆಂಬರಿನಲ್ಲಿ ಪ್ರಜೆಗಳೇ ಮತ ಹಾಕಿ, 21 ವರ್ಷ ತುಂಬಿದವರಿಗೆ ಅದು ತಪ್ಪೇ ಅಲ್ಲವೆಂದರು. ಇಂದು ಅಂತಹುದೇ ಪೊಟ್ಟಣವನ್ನು ಅದೇ ಬೀದಿಯ ಅಂಗಡಿಯಲ್ಲಿ ರಸೀದಿ ಪಡೆದು ಕೊಳ್ಳಬಹುದು. ಆದರೆ ಪನಾಮಾ ದೇಶವು 2021ರಲ್ಲಿ ಔಷಧಕ್ಕಾಗಿ ಮಾತ್ರ ಅದಕ್ಕೆ ಅನುಮತಿ ಕೊಟ್ಟಿತೇ ಹೊರತು ಬೇರೆ ಬಳಕೆಗಲ್ಲ. ಹೀಗೆ ಒಂದು ಕಡೆ ಅಪರಾಧವಾಗಿ ಉಳಿಯದ ಕೃತ್ಯವು, ಇನ್ನೊಂದು ಕಡೆ ಅಪರಾಧವಾಗಿಯೇ ಓದಿಸಿಕೊಳ್ಳುತ್ತದೆ.

ಇನ್ನೂ ಒಂದು ತೊಡಕು. ಎಫ್.ಬಿ.ಐ. ಹಾಳೆಯಲ್ಲಿ ಶಿಕ್ಷೆಯಷ್ಟೇ ಅಲ್ಲ, ಬಂಧನವೂ ದಾಖಲಾಗುತ್ತದೆ. ಮೊಕದ್ದಮೆ ಹೇಗೆ ಕೊನೆಗೊಂಡಿತೆಂಬುದನ್ನು ಊರಿನ ನ್ಯಾಯಾಲಯ ತಿಳಿಸದೆ ಹೋದರೆ ಆ ಜಾಗ ಖಾಲಿಯಾಗಿಯೇ ಉಳಿಯುವುದುಂಟು. ಖುಲಾಸೆಯಾದವನಿಗೂ ಹಾಗೆ ಆಗಬಹುದು. ದೂರದ ದೇಶದ ಗುಮಾಸ್ತನ ಕಣ್ಣಿಗೆ ಆ ಖಾಲಿ ಜಾಗ ಬರೆದುದಕ್ಕಿಂತ ಹೆಚ್ಚು ಹೇಳುತ್ತದೆ.

ಎಲ್ಲ ದೇಶಗಳ ಹಾಳೆಯೂ ಒಂದೇ ಬಗೆಯಲ್ಲ. ಬ್ರಿಟನ್ನಿನಲ್ಲಿ ಹಳೆಯ ಸಣ್ಣ ತಪ್ಪುಗಳು ನಿಗದಿಯಾದ ಕಾಲ ಕಳೆದ ಮೇಲೆ ವಿವರವಾಗಿ ಕಾಣಿಸಿಕೊಳ್ಳುವುದಿಲ್ಲ. ಅಂಥವನಿಗೆ ‘ನೋ ಲೈವ್ ಟ್ರೇಸ್’, ಎಂದರೆ ‘ಜೀವಂತ ಸುಳಿವಿಲ್ಲ’ ಎಂದು ಬರೆಯುತ್ತಾರೆ; ಏನೂ ಮಾಡದವನಿಗೆ ಬರೆಯುವುದು ಬರಿಯ ‘ಸುಳಿವಿಲ್ಲ’ ಎಂದು. ಆ ‘ಜೀವಂತ’ ಎಂಬ ಒಂದು ಮಾತಿನಿಂದಲೇ, ಸತ್ತುಹೋದ ಸುಳಿವೊಂದು ಇತ್ತೆಂಬುದು ಬಲ್ಲವರಿಗೆ ಹೊಳೆಯುತ್ತದೆ. ಕೆನಡಾದಲ್ಲಿ, ಶಿಕ್ಷೆ ಮುಗಿಸಿ ಹಲವು ವರ್ಷ ನೆಟ್ಟಗೆ ಬಾಳಿದವನು ಅರ್ಜಿ ಹಾಕಿ ತನ್ನ ದಾಖಲೆಯನ್ನು ಬೇರೆಯಾಗಿ ತೆಗೆದಿರಿಸುವಂತೆ ಕೇಳಿಕೊಳ್ಳಬಹುದು; 1970ರಿಂದ ಇರುವ ಈ ಏರ್ಪಾಡನ್ನು ಮೊದಲು ಕ್ಷಮಾದಾನವೆಂದು ಕರೆಯುತ್ತಿದ್ದರು, 2012ರಿಂದ ದಾಖಲೆಯ ಅಮಾನತು ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ನ್ಯಾಯಾಲಯವು ಸನ್ನಡತೆಯ ಅವಧಿ ಮುಗಿಸಿದವನ ಮೊಕದ್ದಮೆಯನ್ನು ವಜಾ ಮಾಡಬಲ್ಲುದು. ಆದರೆ ಸಾಲು ಅಳಿಯದು, ಅದರ ಪಕ್ಕದಲ್ಲಿ ‘ವಜಾ’ ಎಂಬ ಮಾತು ಸೇರುವುದಷ್ಟೆ.

ಮನೆಯೊಡೆಯನ ಮಾತು

ಇಷ್ಟು ಕೇಳಿದವರಿಗೆ ಪನಾಮಾದ ಮೇಲೆ ಸಿಟ್ಟು ಬರಬಹುದು. ಎಪ್ಪತ್ತು ದಾಟಿದ ಮುದುಕನ ಇಪ್ಪತ್ತರ ತಪ್ಪನ್ನು ಕೆದಕಿ ಆಗುವುದೇನು? ಆದರೆ ಮನೆಯೊಡೆಯನ ಮಾತನ್ನೂ ಕೇಳಬೇಕು.

‘ಕೆಟ್ಟು ಪಟ್ಟಣ ಸೇರು’ ಎಂಬುದು ಕನ್ನಡದ ಗಾದೆ. ಕೆಟ್ಟವರು ಪಟ್ಟಣವನ್ನಷ್ಟೇ ಅಲ್ಲ, ಪರದೇಶವನ್ನೂ ಸೇರಬಲ್ಲರು. ಬೊಕೇತೆಯಿಂದ ಬೆಟ್ಟ ದಾಟಿದರೆ ಆಚೆಗಿರುವುದು ಬೋಕಾಸ್ ದೆಲ್ ತೋರೋ ಎಂಬ ದ್ವೀಪಗಳ ಪ್ರಾಂತ. ಅಲ್ಲಿ 2010ರಲ್ಲಿ ಹಲವು ಅಮೆರಿಕನ್ನರ ಹೆಣಗಳು ನೆಲದಿಂದ ಹೊರಬಂದವು. ಕೊಂದವನೂ ಅಮೆರಿಕದವನೇ, ಸ್ವದೇಶದ ಪೊಲೀಸರಿಂದ ತಲೆತಪ್ಪಿಸಿಕೊಂಡು ಬಂದು, ಸುಳ್ಳು ಹೆಸರಿನಲ್ಲಿ ವಾಸವಾಗಿದ್ದವನು. ತನ್ನಂತೆಯೇ ಹೊರಗಿನಿಂದ ಬಂದು ನೆಲೆಸಿದವರ ಸ್ನೇಹ ಬೆಳೆಸಿ, ಅವರನ್ನು ಕೊಂದು, ಅವರ ಮನೆ ಆಸ್ತಿಗಳನ್ನು ನುಂಗಿದ್ದನು. 2017ರಲ್ಲಿ ಪನಾಮಾದ ನ್ಯಾಯಾಲಯ ಅವನಿಗೆ 47 ವರ್ಷಗಳ ಸೆರೆವಾಸವನ್ನು ವಿಧಿಸಿತು. ಒಂಟಿಯಾಗಿ ಬಾಳುವ ಮುದುಕ ಮುದುಕಿಯರೇ ತುಂಬಿದ ಊರಿಗೆ ಹೊಸಬನನ್ನು ಸೇರಿಸಿಕೊಳ್ಳುವಾಗ ‘ನೀನು ಯಾರು, ಎಲ್ಲಿಂದ ಬಂದೆ’ ಎಂದು ದೇಶ ಕೇಳುವುದು ಅನ್ಯಾಯವೆನ್ನಲಾಗದು.

ದೊಡ್ಡವರ ಪೂರ್ವಚರಿತ್ರೆಯ ರುಚಿಯನ್ನೂ ಪನಾಮಾ ಕಂಡಿದೆ. ನಿವೃತ್ತರನ್ನು ಕರೆಯುವ ಕಾಯಿದೆಗಳು ಹುಟ್ಟಿದ 1987ರಲ್ಲಿ ದೇಶದ ನಿಜವಾದ ಅಧಿಕಾರವಿದ್ದುದು ಸೇನಾಧಿಪತಿ ನೊರಿಯೆಗಾನ ಕೈಯಲ್ಲಿ. ಎರಡೂವರೆ ವರ್ಷಗಳ ಬಳಿಕ ಅಮೆರಿಕದ ಸೇನೆ ಅವನನ್ನು ಸೆರೆಹಿಡಿಯಿತು. 1992ರಲ್ಲಿ ಮಯಾಮಿಯ ನ್ಯಾಯಾಲಯ ಅವನನ್ನು ಮಾದಕವಸ್ತು ಸಾಗಣೆಯ ಅಪರಾಧಿಯೆಂದು ತೀರ್ಮಾನಿಸಿತು. ಅಮೆರಿಕ, ಫ್ರಾನ್ಸುಗಳ ಸೆರೆಮನೆಗಳನ್ನು ಕಂಡು 2011ರಲ್ಲಿ ಅವನು ತಾಯ್ನಾಡಿಗೆ ಮರಳಿದನು. ನೆಲೆಸಲು ಸಿಕ್ಕಿದ್ದು ಅಲ್ಲಿಯೂ ಸೆರೆಮನೆಯೇ.

ಆದುದರಿಂದ ಪನಾಮಾದ 2008ರ ವಲಸೆ ಕಾಯಿದೆಯು ಹೊರದೇಶದಲ್ಲಿ ಅಪರಾಧದ ದಾಖಲೆಯಿರುವವನನ್ನು ನಿರಾಕರಿಸುವ ಅಧಿಕಾರವನ್ನು ಕಚೇರಿಗೆ ಕೊಟ್ಟಿದೆ. ದಾವೀದಿನಿಂದ ಒಂದು ಗಂಟೆಯ ದಾರಿಯಲ್ಲಿ ಗಡಿಯಿರುವ ಕೋಸ್ತಾ ರೀಕಾ ದೇಶದ 2009ರ ಕಾಯಿದೆ ಇನ್ನಷ್ಟು ಬಿಡಿಸಿ ಹೇಳುತ್ತದೆ: ಕೊಲೆ, ಮಾದಕವಸ್ತು ಸಾಗಣೆ, ವಂಚನೆ, ಮಕ್ಕಳ ಮೇಲಿನ ದುಷ್ಕೃತ್ಯ ಮೊದಲಾದ ಅಪರಾಧಗಳನ್ನು ಪಟ್ಟಿಮಾಡಿ, ಕಳೆದ ಹತ್ತು ವರ್ಷಗಳಲ್ಲಿ ಅವುಗಳಿಗಾಗಿ ಶಿಕ್ಷೆಗೊಳಗಾದವನಿಗೆ ಪ್ರವೇಶವಿಲ್ಲವೆನ್ನುತ್ತದೆ. ಒಂದು ದೇಶ ಅಧಿಕಾರಿಯ ವಿವೇಚನೆಗೆ ಬಿಟ್ಟಿತು, ಇನ್ನೊಂದು ಕಾಲದ ಗೆರೆ ಎಳೆಯಿತು. ಎರಡರ ಹಿಂದೆಯೂ ಇರುವುದು ಒಂದೇ ಪ್ರಶ್ನೆ: ಮನುಷ್ಯನನ್ನು ಅವನ ಹಳೆಯ ತಪ್ಪಿನಿಂದ ಬಿಡುಗಡೆ ಮಾಡಲು ಎಷ್ಟು ವರ್ಷ ಬೇಕು?

ಈ ಪ್ರಶ್ನೆಯನ್ನು ಎದುರಿಸಲಾರದೆ ಪಕ್ಕದ ಸಂದಿಯಲ್ಲಿ ನುಸುಳುವವರೂ ಇದ್ದಾರೆ. ಪ್ರವಾಸಿಯಾಗಿ ಬಂದು, ಕೊಟ್ಟ ಅವಧಿ ಮುಗಿಯುವ ಹೊತ್ತಿಗೆ ಗಡಿಯೂರಾದ ಪಾಸೋ ಕಾನೋವಾಸ್‌ಗೆ ಹೋಗಿ, ಆಚೆ ಕಾಲಿಟ್ಟು, ಮತ್ತೆ ಮುದ್ರೆ ಹಾಕಿಸಿಕೊಂಡು ಮರಳುವುದು ಅವರ ಉಪಾಯ. ಮೈಯಲ್ಲಿ ಶಕ್ತಿಯಿರುವತನಕ ಅದು ನಡೆದೀತು. ಮಂಡಿ ಸೋತ ಮೇಲೆ? ಹೆಂಡತಿ ಆಸ್ಪತ್ರೆಯಲ್ಲಿರುವ ದಿನವೇ ಅವಧಿ ಮುಗಿದರೆ? ಮುದ್ರೆ ಒತ್ತುವ ಅಧಿಕಾರಿ ಒಂದು ದಿನ ತಲೆಯಾಡಿಸಿದರೆ? ಮುಪ್ಪು ಕೇಳುವುದು ನೆಮ್ಮದಿಯನ್ನು. ಹೀಗೆ ಕಂತಿನಲ್ಲಿ ಕೊಂಡ ನೆಮ್ಮದಿ ನೆಮ್ಮದಿಯಲ್ಲ. ಇನ್ನು ದಾಖಲೆಯನ್ನು ಮರೆಮಾಚಿ ಅರ್ಜಿ ಹಾಕುವುದಂತೂ ಹಳೆಯ ತಪ್ಪಿಗೆ ಹೊಸದೊಂದನ್ನು ಜೋಡಿಸಿದಂತೆ. ಹಳೆಯದನ್ನು ಯೌವನದ ತಲೆಯ ಮೇಲೆ ಹೊರಿಸಬಹುದು. ಹೊಸದಕ್ಕೆ ಆ ನೆಪವೂ ಇಲ್ಲ.

ಇಲ್ಲಿ ಬಹುಮಂದಿ ಮಾಡುವ ತಪ್ಪು ಕ್ರಮದ್ದು. ಮೊದಲು ಇದ್ದ ಮನೆಯನ್ನು ಮಾರುತ್ತಾರೆ, ಸಾಮಾನು ಕಟ್ಟುತ್ತಾರೆ, ನೆರೆಹೊರೆಯವರಿಂದ ಬೀಳ್ಕೊಡುಗೆಯ ಊಟ ಉಣ್ಣುತ್ತಾರೆ; ಪೊಲೀಸರ ಹಾಳೆಯನ್ನು ಕಟ್ಟಕಡೆಗೆ ತರಿಸುತ್ತಾರೆ. ವಿವೇಕಿಯು ಇದನ್ನು ತಲೆಕೆಳಗು ಮಾಡುತ್ತಾನೆ. ಮೊದಲು ತನ್ನ ಹಾಳೆಯನ್ನು ತರಿಸಿ ತಾನೇ ಓದುತ್ತಾನೆ. ತಪ್ಪು ನಮೂದಿದ್ದರೆ, ಕೊನೆಯ ತೀರ್ಪು ಸೇರಿರದಿದ್ದರೆ, ಬರೆದ ಕಚೇರಿಗೇ ಹೋಗಿ ಸರಿಪಡಿಸುತ್ತಾನೆ. ನ್ಯಾಯಾಲಯದ ಆಜ್ಞೆಯ ಪ್ರತಿಯನ್ನು ಪಡೆದು ಅದಕ್ಕೂ ದೃಢೀಕರಣದ ಮುದ್ರೆ ಹಾಕಿಸುತ್ತಾನೆ. ಎಲ್ಲವನ್ನೂ ವಕೀಲರ ಮುಂದೆ ಹರಡಿ, ಅವಕಾಶವುಂಟೇ ಎಂದು ನೇರವಾಗಿ ಕೇಳುತ್ತಾನೆ. ಮನೆ ಮಾರುವ ಮಾತು ಆಮೇಲಿನದು.

ಸೆರೆಮನೆಯಾಗಿದ್ದ ದ್ವೀಪ

ಬಾರೂ ಶಿಖರದಿಂದ ದಕ್ಷಿಣಕ್ಕೆ ನೋಡಿದರೆ ಕಾಣುವುದು ಚಿರಿಕೀ ಕೊಲ್ಲಿ. ಆ ಕೊಲ್ಲಿಯ ನೀರಿನಲ್ಲಿಯೇ, ಪೂರ್ವಕ್ಕೆ ದೂರದಲ್ಲಿ, ಕೊಯಿಬಾ ಎಂಬ ದೊಡ್ಡ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 500 ಚದರ ಕಿಲೋಮೀಟರು. 1919ರಿಂದ 2004ರವರೆಗೆ ಅದು ಪನಾಮಾದ ಕರಿಯ ನೀರು. ಕೊಲೆಗಾರರೊಡನೆ, ಸೇನಾಡಳಿತದ ಕಾಲದಲ್ಲಿ ರಾಜಕೀಯ ವಿರೋಧಿಗಳೂ ಅಲ್ಲಿಗೆ ಹೋದರು, ಕೆಲವರು ಮರಳಲಿಲ್ಲ. ಮೊಸಳೆ, ಶಾರ್ಕು, ವಿಷದ ಹಾವುಗಳ ಭಯ, ಅದಕ್ಕೂ ಮಿಗಿಲಾಗಿ ಕೈದಿಗಳ ಭಯದಿಂದ ಬೇರೆ ಯಾರೂ ಆ ಕಡೆ ಸುಳಿಯಲಿಲ್ಲ. ಪರಿಣಾಮವೇನಾಯಿತು? ಎದುರಿನ ಕರಾವಳಿಯ ಕಾಡು ಕೊಡಲಿಗೆ ಬಲಿಯಾಗಿ ಹುಲ್ಲುಗಾವಲಾಯಿತು. ಕೊಯಿಬಾದ ಕಾಡು ಬಹುಮಟ್ಟಿಗೆ ಇದ್ದಂತೆಯೇ ಉಳಿಯಿತು. ಪನಾಮಾದ ಇತರ ಕಡೆ ಅಪರೂಪವಾದ ಕೆಂಪು ಮಕಾವ್ ಗಿಳಿಗಳು ಅಲ್ಲಿ ಇಂದಿಗೂ ಜೋಡಿಜೋಡಿಯಾಗಿ ಹಾರುತ್ತವೆ. 2005ರಲ್ಲಿ ಯುನೆಸ್ಕೋ ಸಂಸ್ಥೆಯು ಕೊಯಿಬಾ ರಾಷ್ಟ್ರೀಯ ಉದ್ಯಾನವನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು.

ಕೊಯಿಬಾಕ್ಕೆ ಹೋಗುವ ಪ್ರವಾಸಿಗಳಿಗೆ ಹಾಳುಬಿದ್ದ ಸೆರೆಕೋಣೆಗಳ ಮೇಲೆ ಬಳ್ಳಿಗಳು ಹಬ್ಬಿರುವುದು ಕಾಣುತ್ತದೆ. ಯಾರೂ ಆ ಗೋಡೆಗಳನ್ನು ಇಲ್ಲವೆನ್ನುವುದಿಲ್ಲ; ಗೋಡೆಗಳಿವೆಯೆಂದು ಯಾರೂ ಕಾಡನ್ನು ತಿರಸ್ಕರಿಸುವುದೂ ಇಲ್ಲ. ದ್ವೀಪದ ವಿಷಯದಲ್ಲಿ ಮನುಷ್ಯರಿಗೆ ಸುಲಭವಾದ ಈ ನ್ಯಾಯವು ಮನುಷ್ಯನ ವಿಷಯದಲ್ಲಿ ಕಷ್ಟವಾಗುತ್ತದೆ. ದ್ವೀಪಕ್ಕೆ ಏನನ್ನೂ ಬಚ್ಚಿಡುವ ಶಕ್ತಿಯಿಲ್ಲ; ಮನುಷ್ಯನಿಗಿದೆ. ಭೇದವಿರುವುದು ಅಲ್ಲಿಯೇ.

ಮತ್ತೆ ಬೊಕೇತೆಗೆ ಬರೋಣವಾಗಲಿ. ಕಲ್ಪನೆಯ ಆ ಮುದುಕನು ವಿವೇಕದ ದಾರಿಯನ್ನೇ ಹಿಡಿದನು. 1971ರ ಕಡತ ನ್ಯಾಯಾಲಯದ ಯಾವುದೋ ಕಪಾಟಿನಲ್ಲಿತ್ತು, ಅದನ್ನು ಹುಡುಕಿಸಿದನು. ಮೊಕದ್ದಮೆಯನ್ನು ವಜಾ ಮಾಡಿದ ಆಜ್ಞೆ ಕೈಗೆ ಬಂದಿತು. ಪೊಲೀಸರ ಹಾಳೆಯ ಬೆನ್ನಿಗೆ ಅದನ್ನೂ ಸೇರಿಸಿ, ಎರಡನ್ನೂ ಸ್ಪ್ಯಾನಿಷ್ ಮಾಡಿಸಿ, ವಕೀಲರು ಅರ್ಜಿಯನ್ನು ಸಲ್ಲಿಸಿದರು. ಕಚೇರಿಯವರು ಅರ್ಜಿಯನ್ನು ಪಡೆದು, ವಿಚಾರಣೆ ಮುಗಿಯುವತನಕ ಇರಲು ತಾತ್ಕಾಲಿಕ ಗುರುತುಚೀಟಿಯನ್ನು ಕೊಟ್ಟರು. ಇನ್ನು ಕಾಯುವುದೊಂದೇ ಕೆಲಸ. ಉತ್ತರ ಒಳ್ಳೆಯದಾಗಿರಬಹುದು, ಅರ್ಧ ಶತಮಾನದ ಹಿಂದಿನ ಸಣ್ಣ ಮಾತೆಂದು ಅಧಿಕಾರಿ ಪುಟ ತಿರುವಬಹುದು. ಆಗದೆಂದು ಬರೆದರೂ ಬರೆಯಬಹುದು. ಮನೆಯನ್ನು ಅವರಿನ್ನೂ ಮಾರಿಲ್ಲ.

ಆದರೆ ಕಚೇರಿಯ ವಿಚಾರಣೆಗೆ ಮುನ್ನ ಮನೆಯಲ್ಲೊಂದು ವಿಚಾರಣೆ ನಡೆದುಹೋಗಿತ್ತು. ಎರಡು ಹಾಳೆಗಳೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಬಿದ್ದಿದ್ದ ಸಂಜೆ ಹೆಂಡತಿಯು ಗಂಡನ ಹಾಳೆಯನ್ನು ಎರಡು ಸಲ ಓದಿದಳು. ಗಾಂಜಾದ ಪೊಟ್ಟಣದ ವಿಷಯವಾಗಿ ಅವಳು ಒಂದು ಮಾತನ್ನೂ ಆಡಲಿಲ್ಲ. ನಾಲ್ವತ್ತೈದು ವರ್ಷ ಒಂದೇ ಮನೆಯಲ್ಲಿ ಬಾಳಿಯೂ ಇದನ್ನು ತಾನು ಸರ್ಕಾರದ ಟಪಾಲಿನಿಂದ ತಿಳಿಯಬೇಕಾಯಿತಲ್ಲಾ ಎಂದು ಮಾತ್ರ ಕೇಳಿದಳು. ಆ ಪ್ರಶ್ನೆಗೆ ನ್ಯಾಯಾಲಯದ ಆಜ್ಞೆಯನ್ನು ಲಗತ್ತಿಸುವಂತಿರಲಿಲ್ಲ. ಆ ರಾತ್ರಿ ಅವನು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದನು. ಬೆಳಗಾದ ಮೇಲೆ ಅವಳು, ಮಗನಿಗೂ ತಿಳಿದಿರಲಿ, ಅದನ್ನು ತಂದೆಯೇ ತಿಳಿಸಬೇಕು ಎಂದಳು.

ಈಗ ಬೊಕೇತೆಯ ಬಾಡಿಗೆ ಮನೆಯ ಜಗುಲಿಯಲ್ಲಿ ಅವರಿಬ್ಬರೂ ಇದ್ದಾರೆ. ಬೆಟ್ಟದ ಕಂಡಿಯಿಂದ ಬಹಾರೆಕೆಯ ತುಂತುರು ಇಳಿಯುತ್ತಿದೆ. ಹೆಂಡತಿ ಹೂವಿನ ಕುಂಡಗಳನ್ನು ಒಳಗೆ ಸರಿಸುತ್ತಿದ್ದಾಳೆ; ಗುರುತುಚೀಟಿಯ ಅವಧಿ ಮುಗಿಯಲು ಇನ್ನೂ ಕೆಲವು ವಾರಗಳಿವೆ. ಗಂಡನು ಕನ್ನಡಕವನ್ನು ಒರೆಸಿ, ಹಾಳೆಯೊಂದನ್ನು ಮುಂದಿಟ್ಟುಕೊಂಡು, ಮಗನಿಗೆ ಬರೆಯುವ ಕಾಗದದ ಮೊದಲ ಸಾಲನ್ನು ಯೋಚಿಸುತ್ತಿದ್ದಾನೆ.